ಸೊಳ್ಳೆ ಬಂತು ಅಂದರೆ ಸಾಲದು, ಯಾವ ಸೊಳ್ಳೆ ಅಂತ ಕೇಳಬೇಕು

2025ರ ಅಕ್ಟೋಬರ್‌ನಲ್ಲಿ ಐಸ್‌ಲ್ಯಾಂಡ್‌ನಿಂದ ಒಂದು ಸುದ್ದಿ ಬಂತು. ಪತಂಗಗಳನ್ನು ಸೆಳೆಯಲು ಕೆಂಪು ವೈನ್‌ನಲ್ಲಿ ಅದ್ದಿ ನೇತುಹಾಕಿದ್ದ ಹಗ್ಗದ ಮೇಲೆ ಮೂರು ಸೊಳ್ಳೆ ಸಿಕ್ಕವು. ಎರಡು ಹೆಣ್ಣು, ಒಂದು ಗಂಡು. ನಮಗೆ ಮೂರು ಸೊಳ್ಳೆ ಅಂದರೆ ಏನೂ ಅಲ್ಲ, ಆದರೆ ಅದು ಸೊಳ್ಳೆಯೇ ಇಲ್ಲದ ನಾಡು ಅಂತ ಹೆಸರಾಗಿದ್ದ ದೇಶ. ಅಲ್ಲಿಗೂ ಸೊಳ್ಳೆ ಹೋಯಿತು, ಇನ್ನು ಡೆಂಗಿ, ಮಲೇರಿಯಾ ಕೂಡ ಹಿಂದೆಯೇ ಹೋಗುತ್ತವೆ ಅಂತ ಬಹಳ ಜನ ಓದಿಕೊಂಡರು.

ಇದರ ಜೊತೆಗೆ ಇನ್ನೆರಡು ಸುದ್ದಿ ಇಟ್ಟು ನೋಡಿ. ಭಾರತದ ನಗರಗಳ ಸೊಳ್ಳೆಯೊಂದು ಆಫ್ರಿಕಾಕ್ಕೆ ಹೋಗಿ ಅಲ್ಲಿನ ಪಟ್ಟಣಗಳಲ್ಲಿ ಮಲೇರಿಯಾ ಹೆಚ್ಚಿಸುತ್ತಿದೆ ಅನ್ನುವುದು ಒಂದು. ಭಾರತದಲ್ಲಿ ಮಲೇರಿಯಾ ಇಳಿದಿದೆ, 2024ರಲ್ಲಿ ದೇಶವು ವಿಶ್ವ ಆರೋಗ್ಯ ಸಂಸ್ಥೆಯ ಅತಿ ಹೆಚ್ಚು ಹೊರೆಯ ದೇಶಗಳ ಗುಂಪಿನಿಂದ ಹೊರಬಂತು ಅನ್ನುವುದು ಇನ್ನೊಂದು. ಗೊಂದಲ ಆಗುವುದು ಸಹಜ ಅಲ್ವಾ? ಇಲ್ಲಿ ಸೊಳ್ಳೆ ಇದೆ, ಮಲೇರಿಯಾ ಇಳಿಯುತ್ತಿದೆ. ಅದೇ ಸೊಳ್ಳೆ ಅಲ್ಲಿಗೆ ಹೋದರೆ ಮಲೇರಿಯಾ ಏರುತ್ತದೆ. ಐಸ್‌ಲ್ಯಾಂಡ್‌ನಲ್ಲಿ ಸೊಳ್ಳೆ ಸಿಕ್ಕರೂ ವಿಜ್ಞಾನಿಗಳು ಗಾಬರಿಯಾಗಿಲ್ಲ.

ಈ ಮೂರನ್ನೂ ಬಿಡಿಸುವ ಕೀಲಿ ವರ್ಗೀಕರಣದಲ್ಲಿದೆ, ಅಂದರೆ ಜೀವಿಗಳನ್ನು ಗುಂಪುಗಳಾಗಿ ವಿಂಗಡಿಸಿ ಹೆಸರಿಡುವ ಕೆಲಸದಲ್ಲಿ. ಅದು ಮ್ಯೂಸಿಯಂನಲ್ಲಿ ಸೂಜಿ ಚುಚ್ಚಿ ಹೆಸರು ಬರೆದಿಡುವವರ ಕೆಲಸ ಮಾತ್ರ ಅಂತ ಅಂದುಕೊಂಡಿದ್ದಕ್ಕೆ ಹಿಂದೆ ಬಹಳ ಜೀವಗಳು ಹೋಗಿವೆ.

ಒಂದೇ ಪದ, 3,700 ಬಗೆ

ಜಗತ್ತಿನಲ್ಲಿ ಈವರೆಗೆ ಹೆಸರಿಟ್ಟಿರುವ ಸೊಳ್ಳೆ ಪ್ರಭೇದಗಳು ಸುಮಾರು 3,700. ಇವೆಲ್ಲ ಕ್ಯೂಲಿಸಿಡೆ ಅನ್ನುವ ಒಂದೇ ಕುಟುಂಬದವು. ಆ ಕುಟುಂಬ ಎರಡು ದೊಡ್ಡ ಕವಲಾಗಿ ಒಡೆಯುತ್ತದೆ. ಒಂದು ಅನಾಫಿಲಿಸ್ ಇರುವ ಕವಲು. ಇನ್ನೊಂದು ಉಳಿದ ಬಹುತೇಕ ಎಲ್ಲವೂ ಇರುವ ಕವಲು: ಕ್ಯೂಲೆಕ್ಸ್, ಈಡಿಸ್, ಮ್ಯಾನ್ಸೋನಿಯಾ, ಕ್ಯೂಲಿಸೆಟಾ ಹೀಗೆ.

ಮನುಷ್ಯರ ಮಲೇರಿಯಾ ಹರಡುವುದು ಅನಾಫಿಲಿಸ್ ಮಾತ್ರ. ಅದರಲ್ಲೂ ಜಗತ್ತಿನ ಸುಮಾರು 500 ಅನಾಫಿಲಿಸ್ ಪ್ರಭೇದಗಳ ಪೈಕಿ ನಿಜಕ್ಕೂ ಅಪಾಯದವು 40ರ ಆಸುಪಾಸು. ಭಾರತದಲ್ಲಿರುವ ಸುಮಾರು 60 ಅನಾಫಿಲಿಸ್‌ಗಳಲ್ಲಿ ಆರನ್ನು ಮುಖ್ಯ ವಾಹಕ ಅಂತ ಗುರುತಿಸಿದ್ದಾರೆ. ಡೆಂಗಿ, ಚಿಕೂನ್‌ಗುನ್ಯಾ, ಝೀಕಾ ಹರಡುವುದು ಈಡಿಸ್. ಕಲಬುರಗಿ, ಬೀದರ್, ಯಾದಗಿರಿ ಕಡೆ ಬಹಳ ಕಾಲದಿಂದ ಕಾಡುತ್ತಿರುವ ಆನೆಕಾಲು ರೋಗ ಚರಂಡಿಯ ಕ್ಯೂಲೆಕ್ಸ್‌ನಿಂದ ಬರುತ್ತದೆ. ಮೆದುಳು ಜ್ವರ ಹರಡುವ ಕ್ಯೂಲೆಕ್ಸ್ ಬೇರೆ, ಅದು ಗದ್ದೆಯ ನೀರಿನದು. ಕೇರಳದ ಕರಾವಳಿಯಲ್ಲಿ ಇನ್ನೊಂದು ಬಗೆಯ ಆನೆಕಾಲು ರೋಗ ಹರಡಿದ್ದು ಮ್ಯಾನ್ಸೋನಿಯಾದಿಂದ. ಅದರ ಮರಿ ಅಂತರಗಂಗೆಯಂಥ ಜಲಸಸ್ಯಗಳ ಬೇರಿಗೆ ಕೊಳವೆ ಚುಚ್ಚಿ ಉಸಿರಾಡುತ್ತದೆ, ಹಾಗಾಗಿ ಗಿಡ ತೆಗೆದರೆ ಸೊಳ್ಳೆಯೂ ಹೋಗುತ್ತದೆ. ಕಚ್ಚದೇ ಇರುವ ಸೊಳ್ಳೆಯೂ ಉಂಟು. ಟಾಕ್ಸೊರಿಂಕೈಟಿಸ್ ಅನ್ನುವ ದೊಡ್ಡ ಸೊಳ್ಳೆ ಹೂವಿನ ರಸ ಕುಡಿದು ಬದುಕುತ್ತದೆ, ಅದರ ಮರಿಗಳು ಬೇರೆ ಸೊಳ್ಳೆಯ ಮರಿಗಳನ್ನೇ ತಿನ್ನುತ್ತವೆ.

ನೀರನ್ನು ಹತ್ತಿರದಿಂದ ನೋಡಿದರೆ

ಈ ಗುಂಪುಗಳ ವ್ಯತ್ಯಾಸ ಕಾಣಲು ಲ್ಯಾಬ್ ಬೇಕಿಲ್ಲ. ಮುಚ್ಚಳ ಇಲ್ಲದ ಒಂದು ಡ್ರಮ್ ಮೇಲೆ ಬಗ್ಗಿ ಸ್ವಲ್ಪ ಹೊತ್ತು ಅಲುಗಾಡದೆ ನಿಲ್ಲಿ, ಟಾರ್ಚ್ ಬಿಡಿ. ನೆರಳು ಬಿದ್ದ ಕೂಡಲೇ ಮರಿಗಳು ಕೆಳಗೆ ಓಡುತ್ತವೆ, ಆಮೇಲೆ ಒಂದೊಂದಾಗಿ ಮೇಲೆ ಬರುತ್ತವೆ. ನೀರಿನ ಮೇಲ್ಮೈಗೆ ಅಂಟಿಕೊಂಡು, ಕಡ್ಡಿ ತೇಲಿದ ಹಾಗೆ ಅಡ್ಡಡ್ಡ ಮಲಗಿದರೆ ಅದು ಅನಾಫಿಲಿಸ್. ಅದಕ್ಕೆ ಉಸಿರಾಟದ ಕೊಳವೆ ಇಲ್ಲ, ಅದಕ್ಕೇ ಬೆನ್ನನ್ನು ನೀರಿನ ಮಟ್ಟಕ್ಕೆ ತಂದು ಮಲಗಬೇಕು. ಬಾಲದ ತುದಿಯ ಕೊಳವೆಯನ್ನು ಮೇಲಕ್ಕೆ ಚುಚ್ಚಿ ತಲೆ ಕೆಳಗಾಗಿ ನೇತಾಡಿದರೆ ಕ್ಯೂಲೆಕ್ಸ್ ಅಥವಾ ಈಡಿಸ್. ಕೊಳವೆ ಉದ್ದ ಮತ್ತು ಸಪೂರ ಇದ್ದರೆ ಕ್ಯೂಲೆಕ್ಸ್, ಗಿಡ್ಡವಾಗಿ ದಪ್ಪಗಿದ್ದರೆ ಈಡಿಸ್. ಬೆಳೆದ ಸೊಳ್ಳೆ ಗೋಡೆ ಮೇಲೆ ಕೂತಾಗಲೂ ಗೊತ್ತಾಗುತ್ತದೆ. ಅನಾಫಿಲಿಸ್ ತಲೆ ತಗ್ಗಿಸಿ ಹಿಂಭಾಗ ಎತ್ತಿ ಓರೆಯಾಗಿ ಕೂರುತ್ತದೆ, ಉಳಿದವು ಗೋಡೆಗೆ ಸಮಾನಾಂತರವಾಗಿ ಬೆನ್ನು ಬಾಗಿಸಿ ಕೂರುತ್ತವೆ.

ಮೊಟ್ಟೆಯ ವ್ಯತ್ಯಾಸ ಇನ್ನೂ ಮುಖ್ಯ, ಯಾಕೆಂದರೆ ಯಾವ ಗುಂಪು ಎಲ್ಲಿಗೆ ಹೋಗಬಲ್ಲದು ಅನ್ನುವುದು ಬಹುಮಟ್ಟಿಗೆ ಅದರಿಂದಲೇ ತೀರ್ಮಾನ ಆಗುತ್ತದೆ. ಕ್ಯೂಲೆಕ್ಸ್ ನೂರಾರು ಮೊಟ್ಟೆಗಳನ್ನು ಒಟ್ಟಿಗೆ ಅಂಟಿಸಿ ತೆಪ್ಪದ ಹಾಗೆ ತೇಲಿಬಿಡುತ್ತದೆ. ಅನಾಫಿಲಿಸ್ ಒಂದೊಂದೇ ಇಡುತ್ತದೆ, ಪ್ರತಿ ಮೊಟ್ಟೆಗೂ ಎರಡೂ ಬದಿಗೆ ಗಾಳಿ ತುಂಬಿದ ತೇಲುಚೀಲ. ಇವೆರಡೂ ಒಣಗಿದರೆ ಬೇಗ ಸಾಯುತ್ತವೆ. ಈಡಿಸ್ ಮಾತ್ರ ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರು ಆರಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ.

ಏಷ್ಯಾದ ಹುಲಿ ಸೊಳ್ಳೆ ಅನ್ನುವ ಈಡಿಸ್ ಆಲ್ಬೊಪಿಕ್ಟಸ್ ಹಳೆ ಟೈರುಗಳೊಳಗೆ ಮೊಟ್ಟೆಯಾಗಿ ಹಡಗು ಹತ್ತಿ 1985ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲೂ, 1990ರಲ್ಲಿ ಇಟಲಿಯ ಜಿನೋವಾದಲ್ಲೂ ಕಾಣಿಸಿಕೊಂಡದ್ದು ಹೀಗೆ. ಡ್ರಮ್‌ನ ನೀರು ಸುಮ್ನೆ ಚೆಲ್ಲಿ ಮತ್ತೆ ತುಂಬಿಸಿದರೆ ಡೆಂಗಿ ಸೊಳ್ಳೆ ಹೋಗದಿರುವುದಕ್ಕೂ ಇದೇ ಕಾರಣ. ಒಳಗೋಡೆ ಉಜ್ಜಬೇಕು.

ಐಸ್‌ಲ್ಯಾಂಡ್‌ನಲ್ಲಿ ಸಿಕ್ಕಿದ್ದು ಯಾವುದು?

ಅದು ಕ್ಯೂಲಿಸೆಟಾ ಆನುಲಾಟಾ. ಯುರೋಪಿನಲ್ಲಿ ಹಳೆಯ ಪರಿಚಯದ, ಚಳಿ ತಾಳುವ ಸೊಳ್ಳೆ. ಕಚ್ಚುತ್ತದೆ ನಿಜ. ಅನಾಫಿಲಿಸ್ ಅಲ್ಲ, ಹಾಗಾಗಿ ಮಲೇರಿಯಾ ಮಾತೇ ಇಲ್ಲ. ಈಡಿಸ್ ಅಲ್ಲ, ಹಾಗಾಗಿ ಡೆಂಗಿ ಭಯವೂ ಇಲ್ಲ.

ಇಷ್ಟು ದಿನ ಅಲ್ಲಿ ಸೊಳ್ಳೆ ಇರಲಿಲ್ಲ ಯಾಕೆ ಅನ್ನುವ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಚಳಿ ಅನ್ನುವುದು ಸುಲಭದ ಉತ್ತರ, ಆದರೆ ಸಾಲುವುದಿಲ್ಲ. ಪಕ್ಕದ ಗ್ರೀನ್‌ಲ್ಯಾಂಡ್ ಇನ್ನೂ ಚಳಿಯ ನಾಡು, ಅಲ್ಲಿ ಬೇಸಿಗೆಯಲ್ಲಿ ಸೊಳ್ಳೆ ಮೋಡದ ಹಾಗೆ ಏಳುತ್ತದೆ. ಬಹಳ ಕಾಲದಿಂದ ಹೇಳುತ್ತಿರುವ ವಿವರಣೆ ಹೀಗಿದೆ: ಗ್ರೀನ್‌ಲ್ಯಾಂಡ್‌ನಲ್ಲಿ ನೀರು ಒಮ್ಮೆ ಹೆಪ್ಪುಗಟ್ಟಿದರೆ ವಸಂತದವರೆಗೂ ಹಾಗೇ ಇರುತ್ತದೆ. ಐಸ್‌ಲ್ಯಾಂಡ್‌ನಲ್ಲಿ ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟುತ್ತದೆ. ಕರಗಿತು ಅಂತ ಎದ್ದ ಸೊಳ್ಳೆ ಮರಿಗೆ ಬೆಳೆಯಲು ಸಮಯ ಸಿಗದೆ ಸಾಯುತ್ತದೆ. ಕ್ಯೂಲಿಸೆಟಾ ಆನುಲಾಟಾ ಈ ಇಕ್ಕಟ್ಟಿಗೇ ಸಿಗುವುದಿಲ್ಲ. ಬೆಳೆದ ಸೊಳ್ಳೆಯೇ ನೆಲಮಾಳಿಗೆ, ದನದ ಕೊಟ್ಟಿಗೆ ಅಂತ ಬೆಚ್ಚಗಿನ ಮೂಲೆ ಸೇರಿ ಚಳಿಗಾಲ ಕಳೆಯಬಲ್ಲದು. ಅದಕ್ಕೇ ಬೇರೆ ಯಾವುದೂ ಅಲ್ಲ, ಈ ಸೊಳ್ಳೆಯೇ ಅಲ್ಲಿ ಸಿಕ್ಕಿದ್ದರಲ್ಲಿ ಅರ್ಥ ಇದೆ. ಹವಾಮಾನ ಬಿಸಿಯಾಗುತ್ತಿರುವುದು ನೆರವಾಗಿರಬಹುದು, ಆದರೆ ತಂದು ಬಿಟ್ಟದ್ದು ಹಡಗೋ ಕಂಟೇನರೋ ಇರಬೇಕು.

ರಾಸ್ ಎರಡು ವರ್ಷ ತಪ್ಪು ಸೊಳ್ಳೆ ಹಿಡಿದಿದ್ದರು

ವರ್ಗೀಕರಣ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಅವರ ಕಥೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಯೇ ಅಂತ 1895ರಲ್ಲಿ ಸಿಕಂದರಾಬಾದ್‌ನಲ್ಲಿ ಅವರು ಹುಡುಕಾಟ ಶುರು ಮಾಡಿದರು. ನಡುವೆ ಕಾಲರಾ ಕೆಲಸಕ್ಕೆ ಬೆಂಗಳೂರಿಗೂ ಬಂದಿದ್ದರು. ಮಲೇರಿಯಾ ರೋಗಿಗಳ ರಕ್ತ ಕುಡಿಸಿದ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಏನೂ ಸಿಗಲಿಲ್ಲ. ಅವರ ಬಳಿ ಸೊಳ್ಳೆಗಳ ವೈಜ್ಞಾನಿಕ ಹೆಸರುಗಳ ಪಟ್ಟಿಯೇ ಇರಲಿಲ್ಲ, ಬೂದು ಸೊಳ್ಳೆ, ಪಟ್ಟೆ ಸೊಳ್ಳೆ ಅಂತ ತಾವೇ ಕರೆದುಕೊಳ್ಳುತ್ತಿದ್ದರು. ಈಗ ನೋಡಿದರೆ ಅವು ಕ್ಯೂಲೆಕ್ಸ್ ಮತ್ತು ಈಡಿಸ್. ಅವುಗಳಲ್ಲಿ ಮನುಷ್ಯರ ಮಲೇರಿಯಾ ರೋಗಾಣು ಬೆಳೆಯುವುದೇ ಇಲ್ಲ. 1897ರ ಆಗಸ್ಟ್‌ನಲ್ಲಿ ರೆಕ್ಕೆ ಮೇಲೆ ಚುಕ್ಕೆ ಇರುವ ಸೊಳ್ಳೆ ಕೈಗೆ ಬಂತು. ಆಗಸ್ಟ್ 20ರಂದು ಅದರ ಹೊಟ್ಟೆಯ ಗೋಡೆಯಲ್ಲಿ ರೋಗಾಣು ಕಾಣಿಸಿತು. ಅದು ಅನಾಫಿಲಿಸ್.

ಮೊಟ್ಟೆಯ ಮೇಲಿನ ಗೆರೆ, ಮೈಸೂರಿನ ಹೆಸರು

ಅನಾಫಿಲಿಸ್ ಅಂತ ಗೊತ್ತಾದ ಮೇಲೂ ಕಥೆ ಮುಗಿಯಲಿಲ್ಲ. ಯುರೋಪಿನಲ್ಲಿ ಕೆಲವು ಕಡೆ ಅನಾಫಿಲಿಸ್ ಮ್ಯಾಕ್ಯುಲಿಪೆನ್ನಿಸ್ ತುಂಬಿ ತುಳುಕುತ್ತಿತ್ತು, ಮಲೇರಿಯಾ ಮಾತ್ರ ಇರಲಿಲ್ಲ. ಇನ್ನು ಕೆಲವು ಕಡೆ ಅದೇ ಸೊಳ್ಳೆ, ಊರಿಗೆ ಊರೇ ಜ್ವರ. 1926ರಲ್ಲಿ ಇಟಲಿಯ ಫಲ್ಲೆರೋನಿ ಅದರ ಮೊಟ್ಟೆಗಳನ್ನು ಹತ್ತಿರದಿಂದ ನೋಡಿದರು. ಮೊಟ್ಟೆಯ ಮೇಲಿನ ಚಿತ್ತಾರ ಒಂದೇ ತರ ಇರಲಿಲ್ಲ. ಕಣ್ಣಿಗೆ ಒಂದೇ ಕಾಣುವ ಸೊಳ್ಳೆಯೊಳಗೆ ಹಲವು ಪ್ರಭೇದಗಳು ಅಡಗಿದ್ದವು. ಕೆಲವಕ್ಕೆ ಮನುಷ್ಯರ ರಕ್ತ ಬೇಕು, ಕೆಲವಕ್ಕೆ ದನದ್ದೇ ಸಾಕು.

ಅದಾಗಿ ಹನ್ನೊಂದು ವರ್ಷಕ್ಕೆ ನಮ್ಮಲ್ಲೂ ಅಂಥದ್ದೇ ಒಂದು ಕೆಲಸ ನಡೆಯಿತು. 1901ರಲ್ಲಿ ಲಿಸ್ಟನ್ ಹೆಸರಿಟ್ಟಿದ್ದ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಮೊಟ್ಟೆಗಳನ್ನು ಮೈಸೂರು ಸಂಸ್ಥಾನದಲ್ಲಿದ್ದ ಸ್ವೀಟ್ ಮತ್ತು ರಾವ್ ಅನ್ನುವ ಇಬ್ಬರು ಸಂಶೋಧಕರು ನೋಡಿ ಎಣಿಸುತ್ತಾ ಕೂತರು. ಮೊಟ್ಟೆಯ ಉದ್ದ ಅರ್ಧ ಮಿಲಿಮೀಟರ್ ಆಸುಪಾಸು. ಅದರ ಬದಿಯ ತೇಲುಚೀಲದ ಮೇಲೆ ಹಲಗೆ ಜೋಡಿಸಿದ ಹಾಗೆ ಸಣ್ಣ ಏಣುಗಳು. ಕೆಲವು ಮೊಟ್ಟೆಗಳಲ್ಲಿ 14ರಿಂದ 22 ಏಣು, ಇನ್ನು ಕೆಲವದರಲ್ಲಿ 9ರಿಂದ 15. ಏಣು ಕಡಿಮೆ ಇರುವ ಬಗೆಗೆ 1937ರಲ್ಲಿ ಮೈಸೊರೆನ್ಸಿಸ್ ಅಂತ ಹೆಸರಿಟ್ಟರು. ಮಲೇರಿಯಾ ವಿಜ್ಞಾನದಲ್ಲಿ ಮೈಸೂರಿನ ಹೆಸರು ಇವತ್ತಿಗೂ ಇರುವುದು ಈ ಎಣಿಕೆಯಿಂದ.

ಮುಂದೆ ಸರಳಾ ಸುಬ್ಬರಾವ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದನ್ನು ಮತ್ತೆ ಪರೀಕ್ಷಿಸಿ, ನಡುವಿನ ಬಗೆಯೊಂದನ್ನೂ ಸೇರಿಸಿದರು. ಹೆಚ್ಚು ಏಣಿನ ಬಗೆ ನಗರದ್ದು, ಮನುಷ್ಯರನ್ನು ಹುಡುಕಿ ಬರುತ್ತದೆ, ಮಲೇರಿಯಾ ಹರಡುವುದರಲ್ಲಿ ಗಟ್ಟಿ. ಮೈಸೊರೆನ್ಸಿಸ್ ಹಳ್ಳಿಯದ್ದು, ಹೆಚ್ಚಾಗಿ ದನ ಕಚ್ಚುತ್ತದೆ, ವಾಹಕವಾಗಿ ದುರ್ಬಲ.

ಕೋಲಾರದ ಬಾವಿಯಲ್ಲಿ ಕಂಡದ್ದು

ಈ ಸೂಕ್ಷ್ಮ ಯಾರಿಗೆ ಬೇಕು ಅನ್ನುವವರಿಗೆ ನಮ್ಮ ರೇಷ್ಮೆ ಹಳ್ಳಿಗಳಲ್ಲಿ ಉತ್ತರ ಇದೆ. ಹಳ್ಳಿಗಾಡಿನ ಮುಖ್ಯ ವಾಹಕ ಅನಾಫಿಲಿಸ್ ಕ್ಯುಲಿಸಿಫೇಸಿಸ್. ಇದೂ ಒಂದಲ್ಲ, ವರ್ಣತಂತುಗಳ ಮೇಲಿನ ಪಟ್ಟೆ ನೋಡಿ ಎ, ಬಿ, ಸಿ, ಡಿ, ಇ ಅಂತ ಐದಾಗಿ ವಿಂಗಡಿಸಿದ್ದಾರೆ. ಹೊರಗಿನಿಂದ ನೋಡಿದರೆ ಐದೂ ಒಂದೇ. ಎ ಮಲೇರಿಯಾ ಹರಡುತ್ತದೆ, ಬಿ ಬಹಳ ಕಳಪೆ ವಾಹಕ.

ರೇಷ್ಮೆ ಹುಳು ಸಾಕುವ ಮನೆಯಲ್ಲಿ ಕೀಟನಾಶಕ ಹೊಡೆಯುವಂತಿಲ್ಲ, ಹೊಡೆದರೆ ಹುಳು ಸಾಯುತ್ತದೆ, ಆ ಮನೆಯ ದುಡಿಮೆಯೇ ಹೋಗುತ್ತದೆ. ಅದಕ್ಕೆ ಸಂಶೋಧಕರು ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಬಿಟ್ಟು ನೋಡಿದರು. ಅಲ್ಲಿ ಗೊತ್ತಾದದ್ದು ಏನು? ಅಪಾಯದ ಎ ಬಗೆ ಹೆಚ್ಚಾಗಿ ಬೆಳೆಯುತ್ತಿದ್ದದ್ದು ಬಾವಿಗಳಲ್ಲಿ. ಅಂದರೆ ಊರಿನ ಎಲ್ಲ ನೀರಿನ ಹಿಂದೆ ಓಡಬೇಕಿಲ್ಲ, ಬಾವಿಗೆ ಮೀನು ಬಿಟ್ಟರೆ ಹೊಡೆತ ಸರಿಯಾದ ಸೊಳ್ಳೆಗೇ ಬೀಳುತ್ತದೆ. 2005ರಲ್ಲಿ ಪ್ರಕಟವಾದ ಈ ಅಧ್ಯಯನ ನನಗೆ ಬಹಳ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ಒಂದು ಅಕ್ಷರದ ವ್ಯತ್ಯಾಸ ತಿಳಿದದ್ದರಿಂದ ಕೆಲಸ ಎಷ್ಟು ಸುಲಭ ಆಯಿತು ಅನ್ನುವುದು ಅದರಲ್ಲಿ ಕಾಣುತ್ತದೆ.

ನಮ್ಮ ಟ್ಯಾಂಕಿನ ಸೊಳ್ಳೆ ಜಿಬೂಟಿಗೆ

ಈಗ ಆಫ್ರಿಕಾದ ಸುದ್ದಿಗೆ ಬರೋಣ. ಅಲ್ಲಿನ ಮಲೇರಿಯಾದ ಹಳೆ ವಾಹಕ ಅನಾಫಿಲಿಸ್ ಗ್ಯಾಂಬಿಯೆ ಗುಂಪು. ಅದಕ್ಕೆ ಮಳೆಗಾಲದ ಗುಂಡಿ ನೀರು ಇಷ್ಟ, ರಾತ್ರಿ ಮನೆಯೊಳಗೆ ಬಂದು ಕಚ್ಚುತ್ತದೆ. ಹಾಗಾಗಿ ಅಲ್ಲಿ ಮಲೇರಿಯಾ ಅಂದರೆ ಹೆಚ್ಚಾಗಿ ಹಳ್ಳಿಯ, ಮಳೆಗಾಲದ ಕಾಯಿಲೆ. ಸೊಳ್ಳೆ ಪರದೆ ಅಲ್ಲಿ ಲಕ್ಷಾಂತರ ಮಕ್ಕಳನ್ನು ಉಳಿಸಿದ್ದು ಈ ಸ್ವಭಾವದಿಂದಲೇ.

ಅಲ್ಲಿಗೆ ಹೋದ ನಮ್ಮ ನಗರಗಳ ಸೊಳ್ಳೆ ಸ್ಟೀಫೆನ್ಸಿ ಹಾಗಲ್ಲ. ಅದು ಓವರ್‌ಹೆಡ್ ಟ್ಯಾಂಕ್, ಸಂಪು, ಡ್ರಮ್, ಕಟ್ಟಡ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು ಇವುಗಳಲ್ಲಿ ಬೆಳೆಯುತ್ತದೆ. ಮಳೆ ಬೇಕಿಲ್ಲ, ವರ್ಷವಿಡೀ ಇರುತ್ತದೆ. ಇದು 2012ರಲ್ಲಿ ಪೂರ್ವ ಆಫ್ರಿಕಾದ ಪುಟ್ಟ ದೇಶ ಜಿಬೂಟಿಯಲ್ಲಿ ಕಾಣಿಸಿತು. ಆಮೇಲೆ ಇಥಿಯೋಪಿಯಾ, ಸುಡಾನ್, ಸೊಮಾಲಿಯಾ, ನೈಜೀರಿಯಾ, ಕೀನ್ಯಾ, ಘಾನಾ. ಸುಮಾರು ಹತ್ತು ಲಕ್ಷ ಜನರಿರುವ ಜಿಬೂಟಿಯಲ್ಲಿ 2012ರಲ್ಲಿ ದಾಖಲಾದ ಮಲೇರಿಯಾ ಪ್ರಕರಣಗಳು ಕೇವಲ 27. 2020ರಲ್ಲಿ 73,000 ದಾಟಿತು.

ವಿಚಿತ್ರ ಅಂದರೆ ಹಿಂದೆ ಇದರ ಉಲ್ಟಾ ದಾರಿಯಲ್ಲಿ ಒಂದು ಸೊಳ್ಳೆ ಬಂದಿತ್ತು. ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಮೂಲತಃ ಆಫ್ರಿಕಾದ್ದು. ಹಡಗುಗಳ ನೀರಿನ ಪೀಪಾಯಿಯಲ್ಲಿ ಪ್ರಯಾಣ ಮಾಡಿ ಜಗತ್ತಿನ ಬಂದರುಗಳಿಗೆ, ಅಲ್ಲಿಂದ ನಮ್ಮ ಊರುಗಳಿಗೂ ಬಂದು ಸೇರಿತು.

ವಾದ ಎಲ್ಲಿದೆ?

ಸ್ಟೀಫೆನ್ಸಿಯೇ ಅಪರಾಧಿ ಅನ್ನುವವರು ಜಿಬೂಟಿಯ ಜೊತೆ ಇಥಿಯೋಪಿಯಾದ ದಿರೆ ದಾವಾ ನಗರವನ್ನು ತೋರಿಸುತ್ತಾರೆ. ಅಲ್ಲಿ 2022ರಲ್ಲಿ, ಅದೂ ಒಣ ತಿಂಗಳುಗಳಲ್ಲಿ, ಮಲೇರಿಯಾ ಹಲವು ಪಟ್ಟು ಏರಿತು. ರೋಗಿಗಳ ಮನೆ, ಹಾಸ್ಟೆಲ್ ಸುತ್ತ ಹಿಡಿದ ಅನಾಫಿಲಿಸ್‌ಗಳಲ್ಲಿ ಬಹುತೇಕ ಎಲ್ಲವೂ ಸ್ಟೀಫೆನ್ಸಿ. 2020ರ ಒಂದು ಅಂದಾಜಿನ ಪ್ರಕಾರ ಇದು ಆಫ್ರಿಕಾದ ನಗರಗಳಲ್ಲಿ ಪೂರ್ತಿ ಹರಡಿದರೆ ಇನ್ನೂ 12.6 ಕೋಟಿ ಜನ ಮಲೇರಿಯಾ ಅಪಾಯಕ್ಕೆ ಬೀಳುತ್ತಾರೆ.

ಸ್ವಲ್ಪ ತಾಳಿ, ಆತುರ ಬೇಡ ಅನ್ನುವವರ ಮಾತಿನಲ್ಲೂ ತೂಕ ಇದೆ. ಜಿಬೂಟಿಗೆ ಆ ವರ್ಷಗಳಲ್ಲಿ ಸುತ್ತಲಿನ ದೇಶಗಳಿಂದ ಜನ ಬಂದರು, ಪ್ರವಾಹ ಬಂತು, ನಿಯಂತ್ರಣದ ಕೆಲಸವೂ ಏರುಪೇರಾಯಿತು. ಸೊಳ್ಳೆ ಬಂದದ್ದು ಮತ್ತು ಜ್ವರ ಏರಿದ್ದು ಒಟ್ಟಿಗೆ ಆಯಿತು ಅಂದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಅನ್ನಲಾಗದು. ಸೊಳ್ಳೆ ಸಿಕ್ಕ ಎಲ್ಲ ದೇಶಗಳಲ್ಲೂ ಜಿಬೂಟಿಯಂತೆ ಆಗಿಯೂ ಇಲ್ಲ.

ವರ್ಗೀಕರಣದೊಳಗೂ ಜಗಳ ಇದೆ. ಸ್ಟೀಫೆನ್ಸಿಯ ವಾಸನೆ ಗ್ರಹಿಸುವ ಒಂದು ಜೀನ್ ನೋಡಿ, ಇದು ಮೂರು ಬಗೆ ಅಲ್ಲ, ಮೂರು ಬೇರೆ ಪ್ರಭೇದ ಅಂತ ಇರಾನಿನ ಸಂಶೋಧಕರು ಹೇಳಿದರು. ಭಾರತದ ಸಂಶೋಧಕರು ಮೊಟ್ಟೆಯ ಏಣು ಮತ್ತು ಜೀನ್ ಎರಡನ್ನೂ ಪಕ್ಕಪಕ್ಕ ಇಟ್ಟು, ಇವು ತಾಳೆಯಾಗುತ್ತಿಲ್ಲ ಅಂತ ತೋರಿಸಿದರು. ದಾಖಲೆ ನೋಡಿದರೆ ನನಗೆ ಎರಡನೆಯ ವಾದ ಗಟ್ಟಿ ಅನ್ನಿಸುತ್ತದೆ. ಹೋದದ್ದು ನಗರದ ಬಗೆಯೋ ಮೈಸೊರೆನ್ಸಿಸ್ಸೋ ಅನ್ನುವುದರ ಮೇಲೆ ಅಪಾಯದ ಲೆಕ್ಕವೇ ಬದಲಾಗುತ್ತದೆ, ಅದಕ್ಕೇ ನಂಬಬಹುದಾದ ಗುರುತು ಇಷ್ಟು ಮುಖ್ಯ.

ಹೆಸರಿನ ವಿಷಯದಲ್ಲಿ ಇನ್ನೊಂದು ಗೊಂದಲ ಓದುಗರಿಗೆ ಆಗಾಗ ಎದುರಾಗುತ್ತದೆ. ಕೆಲವು ಪುಸ್ತಕಗಳಲ್ಲಿ ಡೆಂಗಿ ಸೊಳ್ಳೆಗೆ ಸ್ಟೆಗೊಮಾಯಿಯಾ ಈಜಿಪ್ಟೈ ಅಂತ ಇರುತ್ತದೆ. 2004ರಲ್ಲಿ ಕೆಲವು ತಜ್ಞರು ಈಡಿಸ್ ಜಾತಿಯನ್ನು ಒಡೆದು ಹೊಸ ಹೆಸರು ಕೊಟ್ಟರು, ಆರೋಗ್ಯ ಕ್ಷೇತ್ರದವರು ಒಪ್ಪಲಿಲ್ಲ, 2015ರಲ್ಲಿ ಹಳೆ ಹೆಸರಿಗೇ ಮರಳುವ ಪ್ರಸ್ತಾವ ಬಂತು. ಸೊಳ್ಳೆ ಅದೇ.

ಇಲ್ಲಿ ಇಳಿದದ್ದು, ಅಲ್ಲಿ ಏರಿದ್ದು

ಒಂದೇ ಸೊಳ್ಳೆ ಎರಡು ಕಡೆ ಬೇರೆ ಫಲಿತಾಂಶ ಕೊಡುವುದು ಯಾಕೆ? ಸೊಳ್ಳೆ ಹುಟ್ಟುವಾಗಲೇ ಮಲೇರಿಯಾ ಹೊತ್ತು ಬರುವುದಿಲ್ಲ. ರೋಗಾಣು ಇರುವ ಮನುಷ್ಯನನ್ನು ಕಚ್ಚಬೇಕು. ರೋಗಿಯನ್ನು ಬೇಗ ಪತ್ತೆ ಮಾಡಿ ಮಾತ್ರೆ ಪೂರ್ತಿ ಕೊಟ್ಟರೆ ಸೊಳ್ಳೆ ಇದ್ದರೂ ಸರಪಳಿ ತುಂಡಾಗುತ್ತದೆ. ಮಂಗಳೂರನ್ನೇ ನೋಡಿ. 1990ರ ನಂತರ ಕಟ್ಟಡಗಳು ಏಳುತ್ತಿದ್ದ ಹಾಗೆ ಸ್ಟೀಫೆನ್ಸಿಗೆ ಜಾಗ ಸಿಕ್ಕಿತು, ಮಲೇರಿಯಾ ಊರಿನ ಕಾಯಂ ಕಾಯಿಲೆ ಆಯಿತು. 2015ರ ಅಕ್ಟೋಬರ್‌ನಿಂದ ಪ್ರತಿ ರೋಗಿಯ ವಿಳಾಸವನ್ನು ಟ್ಯಾಬ್ಲೆಟ್‌ನಲ್ಲಿ ನಕ್ಷೆಯ ಮೇಲೆ ಗುರುತಿಸಿ, ಆ ಮನೆಯ ಸುತ್ತಲಿನ ನೀರನ್ನು ಕೂಡಲೇ ನೋಡುವ ವ್ಯವಸ್ಥೆ ಬಂತು. ಪ್ರಕರಣಗಳು ಗಮನಾರ್ಹವಾಗಿ ಇಳಿದವು. ಸೊಳ್ಳೆ ಊರು ಬಿಟ್ಟು ಹೋಗಿಲ್ಲ, ಟ್ಯಾಂಕುಗಳಲ್ಲೇ ಇದೆ.

ಡೆಂಗಿ ವಿಷಯದಲ್ಲಿ ಮಾತ್ರ ನಾವು ಇನ್ನೂ ಸೊಳ್ಳೆ ಅಂದರೆ ಒಂದೇ ಅಂದುಕೊಂಡೇ ನಡೆಯುತ್ತಿದ್ದೇವೆ. ಸಂಜೆ ಗಾಡಿ ಬಂದು ಚರಂಡಿ ಪಕ್ಕ ಹೊಗೆ ಬಿಡುತ್ತದೆ. ಆ ಹೊಗೆಗೆ ಸಿಗುವುದು ಹೆಚ್ಚಾಗಿ ಕ್ಯೂಲೆಕ್ಸ್. ಡೆಂಗಿ ಸೊಳ್ಳೆ ಹಗಲು ಕಚ್ಚುತ್ತದೆ, ಮಂಚದ ಕೆಳಗೆ, ಬಟ್ಟೆಯ ಹಿಂದೆ ಕೂತಿರುತ್ತದೆ, ಒಳ್ಳೆ ನೀರಿನಲ್ಲಿ ಮರಿ ಮಾಡುತ್ತದೆ. ಹೊಗೆ ಮರಿಗಳಿಗೆ ಏನೂ ಮಾಡುವುದಿಲ್ಲ, ವಾರದಲ್ಲಿ ಹೊಸ ಸೊಳ್ಳೆ ಹಾರುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ದಂಡದ ನಿಯಮ ತಂದಿತು. ನಗರದ ಮನೆಗೆ 400 ರೂಪಾಯಿ, ಕಟ್ಟಡ ನಿರ್ಮಾಣದ ಜಾಗಕ್ಕೆ 2,000. ಗಮನ ಸರಿಯಾದ ನೀರಿನ ಕಡೆ ಹೋಗಿದ್ದು ಒಳ್ಳೆಯದೇ. ಆದರೆ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುವ ಬೀದಿಯಲ್ಲಿ ಡ್ರಮ್ ತುಂಬಿಡದೆ ಜನ ಏನು ಮಾಡಬೇಕು? ನೀರು ದಿನಾ ಬಂದರೆ ಡ್ರಮ್‌ಗಳು ಕಡಿಮೆ ಆಗುತ್ತವೆ, ಡ್ರಮ್ ಕಡಿಮೆ ಆದರೆ ಈಡಿಸ್ಸೂ ಸ್ಟೀಫೆನ್ಸಿಯೂ ಒಟ್ಟಿಗೆ ಕಡಿಮೆ ಆಗುತ್ತವೆ. ಈ ಎರಡಕ್ಕೂ ಮನೆ ಒಂದೇ ಆಗಿರುವುದರಿಂದ ನೀರಿನ ಇಲಾಖೆ ಮಾಡುವ ಕೆಲಸಕ್ಕೆ ಆರೋಗ್ಯ ಇಲಾಖೆಯ ಕೆಲಸದಷ್ಟೇ ಬೆಲೆ ಇದೆ.

ಮುಂದೆ ಕಾಣುತ್ತಿರುವುದು

2027ರ ಹೊತ್ತಿಗೆ ಸ್ಥಳೀಯವಾಗಿ ಹುಟ್ಟುವ ಮಲೇರಿಯಾ ಪ್ರಕರಣವನ್ನು ಸೊನ್ನೆಗೆ ತರುವುದು, 2030ಕ್ಕೆ ರೋಗವನ್ನು ನಿರ್ಮೂಲ ಮಾಡುವುದು ಭಾರತದ ಗುರಿ. ಅಂಕಿ ಇಳಿದಷ್ಟೂ ಸೊಳ್ಳೆ ಎಣಿಸುವ, ಗುರುತಿಸುವ ಕೆಲಸಕ್ಕೆ ಹಣ ಕಡಿಮೆ ಮಾಡುವ ಒತ್ತಡ ಬರುತ್ತದೆ. ಆಫ್ರಿಕಾದಲ್ಲಿ ಹೊಸ ದಾರಿಗಳ ಪರೀಕ್ಷೆ ನಡೆದಿದೆ. ಜಿಬೂಟಿಯಲ್ಲಿ 2024ರ ಮೇ ತಿಂಗಳಲ್ಲಿ ಜೀನ್ ಬದಲಿಸಿದ ಗಂಡು ಸ್ಟೀಫೆನ್ಸಿಗಳನ್ನು ಬಿಟ್ಟರು, ಅವುಗಳ ಹೆಣ್ಣು ಮರಿಗಳು ಬೆಳೆಯುವ ಮೊದಲೇ ಸಾಯುತ್ತವೆ. ಈ ಉಪಾಯವೂ ಒಂದೇ ಪ್ರಭೇದಕ್ಕೆ ಮಾತ್ರ ಕೆಲಸ ಮಾಡುತ್ತದೆ, ಪಕ್ಕದ ಡ್ರಮ್‌ನ ಈಡಿಸ್‌ಗೆ ತಟ್ಟುವುದಿಲ್ಲ.

ನಮಗೆ ಹತ್ತಿರದ ಉದಾಹರಣೆ ಶ್ರೀಲಂಕಾ. 2016ರ ಸೆಪ್ಟೆಂಬರ್‌ನಲ್ಲಿ ಅದನ್ನು ಮಲೇರಿಯಾ ಮುಕ್ತ ದೇಶ ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಅದೇ ವರ್ಷದ ಕೊನೆಗೆ, ರಾಮೇಶ್ವರದಿಂದ ಸಮುದ್ರದಾಚೆ ಇರುವ ಮನ್ನಾರ್‌ನ ಬಾವಿಗಳಲ್ಲಿ ಸ್ಟೀಫೆನ್ಸಿ ಸಿಕ್ಕಿತು, ಆಮೇಲೆ ಜಾಫ್ನಾದಲ್ಲಿ. ಕಾಯಿಲೆ ಇರಲಿಲ್ಲ, ಬಾವಿ ನೋಡುವವರು ಇದ್ದರು. ಮರಿ ಹಿಡಿದು ಸೂಕ್ಷ್ಮದರ್ಶಕದಲ್ಲಿ ಹೆಸರು ಹಿಡಿಯಬಲ್ಲವರು ಇದ್ದದ್ದರಿಂದ ಅದು ಸಿಕ್ಕಿತು. ಅಲ್ಲಿ ಬಾವಿಗಳಿಗೆ ಔಷಧಿ ಹಾಕಿದರು, ಮೀನು ಬಿಟ್ಟರು. ಹೊರದೇಶದಿಂದ ಜ್ವರ ಹೊತ್ತು ಬಂದವರ ರಕ್ತಪರೀಕ್ಷೆಯನ್ನೂ, ಬಾವಿಯ ಮರಿಗಳ ಎಣಿಕೆಯನ್ನೂ ಅವರು ನಿಲ್ಲಿಸಿಲ್ಲ.